ವರವೋ ಶಾಪವೋ: ಮೌಲ್ಯದ ವಿಷಯ ಕೊಟ್ಟಾಗ ವಾದ ಕಟ್ಟುವ, ವಾದ ಮುರಿಯುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಶಾಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗೆ ಕೊಡುವ ವಿಷಯಗಳು ಹೆಚ್ಚೂಕಡಿಮೆ ಒಂದೇ ಜಾತಿಯವು. ‘ಮೊಬೈಲ್ ವರಕ್ಕಿಂತ ಶಾಪವೇ ಹೆಚ್ಚು’, ‘ಹೋಂಸ್ಟೇಗಳಿಂದ ಮಲೆನಾಡು ಕೆಟ್ಟಿತು’, ‘ದುಡ್ಡು ಕೊಟ್ಟು ದೇವರ ದರ್ಶನ ಮಾಡುವುದು ಅನ್ಯಾಯ’, ‘ಕುದುರೆಮುಖದ ಗಣಿ ಮುಚ್ಚಿಸಿದ್ದು ಸರಿ’. ಒಂದು ಸಂಗತಿ ಒಳ್ಳೆಯದೋ ಕೆಟ್ಟದ್ದೋ, ನ್ಯಾಯವೋ ಅನ್ಯಾಯವೋ ಎಂದು ಬೆಲೆ ಕಟ್ಟುವ ವಿಷಯಗಳು ಇವು. ಆದರೆ ತಯಾರಿ ಮಾತ್ರ ಮಾಹಿತಿ ಪರೀಕ್ಷೆಗೆ ಮಾಡಿದಂತೆ ಇರುತ್ತದೆ. ಪರದವರು ಐದು ಲಾಭ ಹೇಳುತ್ತಾರೆ, ವಿರೋಧದವರು ಐದು ನಷ್ಟ ಹೇಳುತ್ತಾರೆ. ಎರಡೂ ಪಟ್ಟಿ ನಿಜವೇ. ಒಂದಕ್ಕೊಂದು ಎಲ್ಲೂ ಡಿಕ್ಕಿ ಹೊಡೆಯುವುದಿಲ್ಲ. ಕೊನೆಗೆ ತೀರ್ಪುಗಾರರು ಯಾರ ಗಂಟಲು ದೊಡ್ಡದು, ಯಾರು ತಡವರಿಸಲಿಲ್ಲ ಎಂದು ನೋಡಿ ಅಂಕ ಹಾಕಬೇಕಾಗುತ್ತದೆ.

ಇಂಥ ಚರ್ಚೆಯಲ್ಲಿ ನಿಜವಾದ ಜಗಳ ನಡೆಯಬೇಕಾದದ್ದು ಮಾನದಂಡದ ಮೇಲೆ. ಯಾವ ಅಳತೆಯಿಂದ ಅಳೆದು ‘ಒಳ್ಳೆಯದು’ ಎನ್ನುತ್ತಿದ್ದೀರಿ, ಆ ಅಳತೆಯೇ ಯಾಕೆ? ಇದನ್ನು ಮೊದಲು ಯಾರು ಸ್ಪಷ್ಟಮಾಡುತ್ತಾರೋ ಚರ್ಚೆ ಅವರ ಅಂಗಳದಲ್ಲೇ ನಡೆಯುತ್ತದೆ.

ಮೊದಲು ವಿಷಯದ ಜಾತಿ ಗುರುತಿಸಿ

ವಿಷಯ ಕೈಗೆ ಬಂದ ಕೂಡಲೇ ಅದು ಮೂರರಲ್ಲಿ ಯಾವುದು ಎಂದು ನೋಡಿ. ‘ಕುದುರೆಮುಖದಲ್ಲಿ ಗಣಿಗಾರಿಕೆಯಿಂದ ಭದ್ರಾ ನದಿಯಲ್ಲಿ ಹೂಳು ಹೆಚ್ಚಿತು’ ಎಂಬುದು ಸಂಗತಿ. ಅಳೆದು ನೋಡಿ ಹೌದು ಅಲ್ಲ ಎನ್ನಬಹುದು. ‘ಗಣಿ ಮುಚ್ಚಿಸಿದ್ದು ಸರಿ’ ಎಂಬುದು ಮೌಲ್ಯ. ‘ಪಶ್ಚಿಮಘಟ್ಟದ ಎಲ್ಲ ಗಣಿಗಳನ್ನೂ ಸರ್ಕಾರ ಮುಚ್ಚಬೇಕು’ ಎಂಬುದು ಕ್ರಮದ ವಿಷಯ. ಅಲ್ಲಿ ಹಣ, ಕಾನೂನು, ಜಾರಿ ಎಲ್ಲದರ ಲೆಕ್ಕ ಕೊಡಬೇಕು.

ಮೌಲ್ಯದ ವಿಷಯವನ್ನು ಕ್ರಮದ ವಿಷಯ ಮಾಡಿಕೊಳ್ಳುವುದು ತುಂಬ ಸಾಮಾನ್ಯವಾದ ಎಡವಟ್ಟು. ‘ಹೋಂಸ್ಟೇಗಳಿಂದ ಮಲೆನಾಡು ಕೆಟ್ಟಿತು’ ಎಂಬ ವಿಷಯಕ್ಕೆ ‘ಆದ್ದರಿಂದ ಎಲ್ಲವನ್ನೂ ನಿಷೇಧಿಸಬೇಕು’ ಎಂದು ಮುಗಿಸಿದರೆ ಯಾರೂ ಕೇಳದ ಸಾಲವನ್ನು ನೀವೇ ತಲೆಗೆ ಕಟ್ಟಿಕೊಂಡಂತೆ. ಎದುರಾಳಿ ಎದ್ದು ‘ನಿಷೇಧಿಸಿದರೆ ಅಷ್ಟು ಕುಟುಂಬಗಳ ಗತಿ ಏನು?’ ಎಂದು ಕೇಳುತ್ತಾರೆ. ಉತ್ತರ ಕೊಡಲು ನಿಮಗೆ ಸಮಯವೂ ಇರುವುದಿಲ್ಲ, ಕೊಡಬೇಕಾದ ಅಗತ್ಯವೂ ಇರಲಿಲ್ಲ.

ಇನ್ನೊಂದು ಗೆರೆಯನ್ನೂ ಇಲ್ಲೇ ಹಾಕಿಕೊಳ್ಳಿ. ‘ಇದೆ’ ಎಂಬುದರಿಂದ ನೇರವಾಗಿ ‘ಇರಬೇಕು’ ಎಂಬಲ್ಲಿಗೆ ಹಾರಲು ಬರುವುದಿಲ್ಲ ಎಂಬ ಮಾತನ್ನು ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 18ನೆಯ ಶತಮಾನದಲ್ಲೇ ಎತ್ತಿದ್ದ. ‘ನೂರಾರು ವರ್ಷದಿಂದ ನಡೆದುಬಂದಿದೆ’ ಎಂಬುದು ಸಂಗತಿ. ‘ಆದ್ದರಿಂದ ಸರಿ’ ಎನ್ನಬೇಕಾದರೆ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯೇ ಮಾನದಂಡ.

ವಿಷಯದ ಖಾಲಿ ಜಾಗ ತುಂಬಿ

ಒಂದು ಹಾಳೆ ತೆಗೆದುಕೊಂಡು ವಿಷಯದಲ್ಲಿ ಬೆಲೆ ಕಟ್ಟುವ ಪದದ ಕೆಳಗೆ ಗೆರೆ ಎಳೆಯಿರಿ: ವರ, ಶಾಪ, ಸರಿ, ಅನ್ಯಾಯ, ಶ್ರೇಷ್ಠ, ಕೆಟ್ಟಿತು. ಆಮೇಲೆ ನಾಲ್ಕು ಪ್ರಶ್ನೆ ಬರೆದು ಎದುರಿಗೆ ಉತ್ತರ ತುಂಬಿ. ಯಾರಿಗೆ? ಯಾವುದಕ್ಕೆ ಹೋಲಿಸಿದರೆ? ಎಷ್ಟು ಕಾಲದ ಲೆಕ್ಕದಲ್ಲಿ? ಯಾವ ದೃಷ್ಟಿಯಿಂದ?

‘ಹೇಮಾವತಿ ಜಲಾಶಯ ವರ’ ಎಂಬ ಮಾತು ತೆಗೆದುಕೊಳ್ಳಿ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದರ ನಾಲೆಯ ನೀರು ಹಾಸನ, ತುಮಕೂರು, ಮಂಡ್ಯದ ಕಡೆಗೆ ಹರಿಯಿತು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಮಳೆಗಾಲದಲ್ಲಿ ಇವತ್ತಿಗೂ ಹಿನ್ನೀರಿನಲ್ಲಿ ಮುಳುಗುತ್ತದೆ. ಸುತ್ತಲಿನ ಊರುಗಳವರು ಎದ್ದುಹೋಗಬೇಕಾಯಿತು. ‘ಯಾರಿಗೆ’ ಎಂಬ ಒಂದೇ ಜಾಗ ಖಾಲಿ ಬಿಟ್ಟರೆ ಪರ ವಿರೋಧ ಇಬ್ಬರೂ ಒಂದೇ ಉಸಿರಿನಲ್ಲಿ ಸರಿ. ತುಂಬಿದ ಮೇಲೆಯೇ ಚರ್ಚೆ ಶುರು.

‘ಯಾವುದಕ್ಕೆ ಹೋಲಿಸಿದರೆ’ ಎಂಬುದನ್ನು ಜನ ಮರೆಯುವುದೇ ಹೆಚ್ಚು. ಹೋಂಸ್ಟೇ ಕೆಟ್ಟದ್ದು ಎಂದರೆ ಏನೂ ಇಲ್ಲದ ಕಾಡಿಗೆ ಹೋಲಿಸಿಯೋ, ದೊಡ್ಡ ರೆಸಾರ್ಟಿಗೆ ಹೋಲಿಸಿಯೋ, ಬೆಳೆ ಕೈಕೊಟ್ಟು ತೋಟ ಮಾರಿ ಬೆಂಗಳೂರಿಗೆ ಹೋಗುವುದಕ್ಕೆ ಹೋಲಿಸಿಯೋ? ಮೂರಕ್ಕೂ ಉತ್ತರ ಬೇರೆ. ವಿರೋಧದವರಿಗೆ ಇದೊಂದೇ ಪ್ರಶ್ನೆಯಲ್ಲಿ ಅರ್ಧ ಕೆಲಸ ಆಗುತ್ತದೆ.

ಒಂದು ಮಾತನ್ನು ‘ಒಂದು ದೃಷ್ಟಿಯಿಂದ’ ಎಂಬ ಕಟ್ಟಿನೊಳಗಿಟ್ಟೇ ಹೇಳಬೇಕು ಎಂಬುದು ಜೈನರ ಸ್ಯಾದ್ವಾದದ ತಿರುಳು. ಶ್ರವಣಬೆಳಗೊಳ ಇರುವ ಜಿಲ್ಲೆಯ ಸ್ಪರ್ಧಿಗಳು ಈ ಶಿಸ್ತನ್ನು ಹೊರಗಿನಿಂದ ತರಬೇಕಾಗಿಲ್ಲ.

ಮಾನದಂಡ ಆರಿಸುವುದು

ನಿಮ್ಮ ತಯಾರಿಯ ಅರ್ಧ ಹೊತ್ತು ಇಲ್ಲಿಗೇ ಹೋಗಲಿ. ಮಾನದಂಡ ಎಲ್ಲಿಂದ ತರುವುದು? ನಾಲ್ಕು ಜಾಗ ಇವೆ.

ಒಂದು, ಆ ವಸ್ತು ಅಥವಾ ಸಂಸ್ಥೆ ಇರುವುದೇ ಯಾಕೆ ಎಂಬ ಉದ್ದೇಶ. ಪರೀಕ್ಷೆ ಇರುವುದು ಕಲಿತದ್ದನ್ನು ಅಳೆಯಲು. ಹಾಗಾದರೆ ಕಲಿಕೆಯನ್ನು ಅಳೆಯದ ಪರೀಕ್ಷೆ ಕೆಟ್ಟ ಪರೀಕ್ಷೆ. ಎರಡು, ಪರಿಣಾಮ: ಎಷ್ಟು ಜನಕ್ಕೆ ಎಷ್ಟು ಒಳಿತು, ಎಷ್ಟು ಕೇಡು. ಮೂರು, ಹಕ್ಕು ಮತ್ತು ಕರ್ತವ್ಯ: ಲಾಭ ಎಷ್ಟೇ ಇರಲಿ ದಾಟಬಾರದ ಗೆರೆ. ನಾಲ್ಕು, ನಾವೆಲ್ಲ ಈಗಾಗಲೇ ಒಪ್ಪಿಕೊಂಡಿರುವ ದಾಖಲೆ, ಅಂದರೆ ಸಂವಿಧಾನ. ಪೀಠಿಕೆಯ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ನಾಲ್ಕೂ ಸಿದ್ಧ ಮಾನದಂಡಗಳು. ಕಾಡು, ನದಿ, ಪ್ರಾಣಿಗಳ ವಿಷಯವಾದರೆ 51ಎ (ಜಿ) ವಿಧಿ ಬಾಯಲ್ಲಿರಲಿ: ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದು, ಜೀವಿಗಳ ಬಗ್ಗೆ ಅನುಕಂಪ ಇಟ್ಟುಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯ. ಇದು 1976ರ 42ನೆಯ ತಿದ್ದುಪಡಿಯಲ್ಲಿ ಸೇರಿದ್ದು. ಸಂವಿಧಾನದಿಂದ ಎತ್ತಿದ ಮಾನದಂಡವನ್ನು ಎದುರಾಳಿ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದನ್ನು ಅನ್ವಯಿಸಿದ ರೀತಿ ತಪ್ಪು ಎಂದಷ್ಟೇ ಹೇಳಬಹುದು.

ಆರಿಸಿದ ಮೇಲೆ ಮೂರು ಪರೀಕ್ಷೆ ಮಾಡಿ.

ಎದುರು ಪಕ್ಷಕ್ಕೂ ಈ ಅಳತೆಯಲ್ಲಿ ಒಂದಿಷ್ಟು ಅಂಕ ಬೀಳಬಹುದೇ? ಬೀಳುವ ಸಾಧ್ಯತೆಯೇ ಇಲ್ಲದಿದ್ದರೆ ಅದು ನಿಮ್ಮ ತೀರ್ಮಾನಕ್ಕೇ ಇನ್ನೊಂದು ಅಂಗಿ ತೊಡಿಸಿದ್ದು. ‘ಪ್ರಕೃತಿಯನ್ನು ಮುಟ್ಟದಿರುವುದೇ ಒಳ್ಳೆಯದು’ ಎಂದು ಶುರುಮಾಡಿ ‘ಗಣಿ ಪ್ರಕೃತಿಯನ್ನು ಮುಟ್ಟಿತು, ಆದ್ದರಿಂದ ಕೆಟ್ಟದ್ದು’ ಎಂದರೆ ಏನನ್ನೂ ಸಾಧಿಸಿದಂತಾಗಲಿಲ್ಲ.

ಬೇರೆ ವಿಷಯಕ್ಕೆ ಇದೇ ಅಳತೆ ಹಿಡಿದರೂ ನೀವು ಒಪ್ಪುತ್ತೀರಾ? ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ಕೆಲವೇ ದಿನ. ಧರ್ಮದರ್ಶನದ ಸಾಲೂ ಇರುತ್ತದೆ, ಟಿಕೆಟ್ಟಿನ ವಿಶೇಷ ದರ್ಶನದ ಸಾಲೂ ಇರುತ್ತದೆ. ‘ದುಡ್ಡಿದ್ದವರು ಸಾಲು ದಾಟುವುದು ಅನ್ಯಾಯ’ ಎಂಬುದು ನಿಮ್ಮ ಅಳತೆಯಾದರೆ ತತ್ಕಾಲ್ ರೈಲು ಟಿಕೆಟ್ಟೂ ಅನ್ಯಾಯ ಆಗಬೇಕು. ಎದುರಾಳಿ ಇದನ್ನು ಕೇಳಿಯೇ ಕೇಳುತ್ತಾರೆ. ಹಾಗಾಗಿ ಅಳತೆಯನ್ನು ಮುಂಚೆಯೇ ಹದ ಮಾಡಿ: ‘ಎಲ್ಲರೂ ಸಮಾನ ಎಂದು ಸಾರುವ ಜಾಗದಲ್ಲಿ ದುಡ್ಡಿನಿಂದ ಸಾಲು ಒಡೆಯುವುದು ಅನ್ಯಾಯ.’ ರೈಲು ಹಾಗೆಂದು ಸಾರಿಕೊಳ್ಳುವುದಿಲ್ಲ, ದೇವಸ್ಥಾನ ಸಾರುತ್ತದೆ. ಈಗ ವಾದ ನಿಂತಿತು. ವಿರೋಧದವರಿಗೂ ದಾರಿ ಇದೆ: ಟಿಕೆಟ್ಟಿನ ಹಣ ಉಚಿತ ಸಾಲಿನವರ ನೆರಳು, ನೀರು, ಪ್ರಸಾದಕ್ಕೇ ಹೋಗುವುದಾದರೆ ಸಮಾನತೆ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಅದೇ ಅಳತೆಯನ್ನು ತಿರುಗಿಸಿ ಹಿಡಿಯಬಹುದು.

ಮೂರನೆಯದು, ಎರಡೇ ವಾಕ್ಯದಲ್ಲಿ ಇದನ್ನು ಸಮರ್ಥಿಸಲು ಆಗುತ್ತದೆಯೇ? ಆಗದಿದ್ದರೆ ಬಿಡಿ, ಬೇರೆ ಹುಡುಕಿ. ಐದು ನಿಮಿಷದ ಭಾಷಣದಲ್ಲಿ ತತ್ತ್ವಶಾಸ್ತ್ರದ ಪಾಠಕ್ಕೆ ಜಾಗವಿಲ್ಲ.

ಎಷ್ಟು ಮಾನದಂಡ ಇರಬೇಕು? ಒಂದು. ಹೆಚ್ಚೆಂದರೆ ಎರಡು, ಆಗಲೂ ಅವೆರಡು ಜಗಳವಾಡಿದರೆ ಯಾವುದು ಮೇಲು ಎಂದು ನೀವೇ ಹೇಳಿಬಿಡಬೇಕು. ಮೂರು ಹಿಡಿದುಕೊಂಡು ನಿಂತವರನ್ನು ಎದುರಾಳಿ ಅವರ ಅಳತೆಗಳಿಂದಲೇ ಹೊಡೆಯುತ್ತಾರೆ.

ಸಂಗತಿಯನ್ನು ಮಾನದಂಡಕ್ಕೆ ಗಂಟು ಹಾಕುವುದು

ಕುದುರೆಮುಖದ ವಿಷಯವನ್ನೇ ಹತ್ತಿರದಿಂದ ನೋಡೋಣ. ಗೊತ್ತಿರುವ ಸಂಗತಿಗಳು: ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ.

ಸಾಮಾನ್ಯ ಸ್ಪರ್ಧಿ ಇಷ್ಟನ್ನೂ ಗಡಗಡ ಒಪ್ಪಿಸಿ ‘ಆದ್ದರಿಂದ ಮುಚ್ಚಿಸಿದ್ದು ಸರಿ’ ಎಂದು ಕೂರುತ್ತಾರೆ. ಗಂಟು ಎಲ್ಲೂ ಬೀಳಲಿಲ್ಲ. ಹೀಗೆ ಕಟ್ಟಿ ನೋಡಿ:

‘ಒಂದು ನಿರ್ಧಾರ ನ್ಯಾಯವೋ ಅಲ್ಲವೋ ಎಂದು ಅಳೆಯಲು ನನ್ನ ಅಳತೆ ಇದು: ಮರಳಿ ಪಡೆಯಬಹುದಾದ ನಷ್ಟಕ್ಕಿಂತ ಮರಳಿ ಪಡೆಯಲಾಗದ ನಷ್ಟವನ್ನು ತಡೆಯುವುದು ನ್ಯಾಯ. ಯಾಕೆಂದರೆ ಮರಳಿ ಬಾರದ್ದನ್ನು ಕಳೆದುಕೊಳ್ಳುವವರು ಇನ್ನೂ ಹುಟ್ಟದ ಮಕ್ಕಳು. ಅವರ ಪರವಾಗಿ ಮಾತನಾಡಲು ಈ ಸಭೆಯಲ್ಲಿ ಯಾರೂ ಇಲ್ಲ. ಈಗ ಎರಡು ತಟ್ಟೆ ನೋಡಿ. ಗಣಿ ನಿಂತಾಗ ಕೆಲಸ ಹೋಯಿತು, ಊರು ಖಾಲಿಯಾಯಿತು. ಅದು ನೋವಿನ ನಷ್ಟ, ಆದರೆ ಪರಿಹಾರ, ಬೇರೆ ಕೆಲಸ ಇವುಗಳಿಂದ ಸ್ವಲ್ಪವಾದರೂ ತುಂಬಿಕೊಡಬಹುದಾದ ನಷ್ಟ. ಬೆಟ್ಟದ ತುದಿ ಕಡಿದರೆ, ಕಣಿವೆಗಳ ಶೋಲಾ ಕಾಡು ಹೋದರೆ, ಮೂರು ನದಿಗಳ ತಾಯಿಬೇರಿಗೆ ಪೆಟ್ಟು ಬಿದ್ದರೆ ಯಾವ ಪ್ಯಾಕೇಜಿನಿಂದಲೂ ತುಂಬಲಾಗದು.’

ಒಂದು ನಿಮಿಷದೊಳಗೆ ಅಳತೆ, ಅದರ ಸಮರ್ಥನೆ, ಎರಡೂ ಕಡೆಯ ತೂಕ ಎಲ್ಲ ಬಂತು. ಎದುರಾಳಿಯ ಬಲವಾದ ಅಸ್ತ್ರ, ಅಂದರೆ ಹೋದ ಉದ್ಯೋಗ, ಅವರು ಎತ್ತುವ ಮೊದಲೇ ಲೆಕ್ಕದಲ್ಲಿ ಸೇರಿಹೋಯಿತು. ಇಸವಿ ಒಂದನ್ನೂ ಇಲ್ಲಿ ಹೇಳಿಲ್ಲ ಎಂಬುದನ್ನೂ ಗಮನಿಸಿ. ಎದುರಾಳಿ ‘ಕೋರ್ಟು ಆತುರ ಮಾಡಿತು’ ಎಂದರೆ ಮಾತ್ರ 2002 ಮತ್ತು 2005 ಹೊರಗೆ ಬರಲಿ: ಸುಮಾರು ಮೂರು ವರ್ಷ ಕಾಲಾವಕಾಶ ಸಿಕ್ಕಿತ್ತು. ಅಂಕಿ ಅಂಶ ಜೇಬಿನಲ್ಲಿರಬೇಕು, ಕೇಳಿದಾಗ ತೆಗೆಯಬೇಕು.

ವಿರೋಧ ಮಾಡುವವರಿಗೆ ನಾಲ್ಕು ಬಾಗಿಲು

ಮೇಲಿನ ವಾದವನ್ನೇ ಒಡೆಯಬೇಕು ಎಂದುಕೊಳ್ಳಿ. ಒಳನುಗ್ಗಲು ನಾಲ್ಕು ಜಾಗ.

ವ್ಯಾಖ್ಯಾನದ ಬಾಗಿಲು: ‘ನ್ಯಾಯ’ ಎಂಬ ಪದವನ್ನು ಅವರು ಪರಿಸರಕ್ಕೆ ಮಾತ್ರ ಇಳಿಸಿದ್ದಾರೆ ಎನ್ನುವುದು. ಇದು ದುರ್ಬಲ ದಾರಿ, ಬೇಗ ಶಬ್ದಗಳ ಜಗ್ಗಾಟವಾಗುತ್ತದೆ. ಎದುರಾಳಿ ಅರ್ಥವನ್ನು ತೀರಾ ತಿರುಚಿದ್ದರೆ ಮಾತ್ರ ಬಳಸಿ.

ಮಾನದಂಡದ ಬಾಗಿಲು: ಅಳತೆಯೇ ಸರಿಯಿಲ್ಲ ಎಂದು ತೋರಿಸುವುದು. ಸುಲಭದ ಉಪಾಯ, ಅದೇ ಅಳತೆ ಹಿಡಿದರೆ ಯಾರೂ ಒಪ್ಪದ ತೀರ್ಮಾನ ಬರುವ ಉದಾಹರಣೆ ಕೊಡುವುದು. ‘ಮರಳಿ ಪಡೆಯಲಾಗದ್ದನ್ನೆಲ್ಲ ತಡೆಯುವುದೇ ನ್ಯಾಯವಾದರೆ ಹೇಮಾವತಿಗೆ ಅಣೆಕಟ್ಟೆಯನ್ನೇ ಕಟ್ಟಬಾರದಿತ್ತು. ಮುಳುಗಿದ ಊರು ಮರಳಿ ಬರುವುದಿಲ್ಲವಲ್ಲ. ನನ್ನ ಮಿತ್ರರು ಅದನ್ನೂ ಅನ್ಯಾಯ ಎನ್ನುತ್ತಾರೆಯೇ?’ ಇದಕ್ಕೆ ಪರದವರು ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ.

ಅನ್ವಯದ ಬಾಗಿಲು: ಅಳತೆ ಒಪ್ಪಿದೆ, ಅಳೆದದ್ದು ತಪ್ಪು. ‘ಐವತ್ತರ ಗಡಿ ದಾಟಿದ ಕಾರ್ಮಿಕನಿಗೆ ಹೋದ ಕೆಲಸ, ಚದುರಿದ ನೆರೆಹೊರೆ ಮರಳಿ ಪಡೆಯಬಹುದಾದ ನಷ್ಟ ಎಂದಿರಿ. ಅದು ಹೇಗೆ?’ ನಾಲ್ಕರಲ್ಲಿ ಅತಿ ಹೆಚ್ಚು ಫಲ ಕೊಡುವ ಬಾಗಿಲು ಇದೇ ಎಂಬುದು ನಮ್ಮ ಅಭಿಪ್ರಾಯ. ಎದುರಾಳಿಯ ಅಳತೆಯನ್ನೇ ಒಪ್ಪಿಕೊಂಡು ಗೆಲ್ಲುವವರ ಮಾತಿಗೆ ತೀರ್ಪುಗಾರರ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ತೂಕದ ಬಾಗಿಲು: ಎಲ್ಲವೂ ಒಪ್ಪಿದೆ, ಆದರೆ ಇದಕ್ಕಿಂತ ಭಾರವಾದ ಮೌಲ್ಯ ಇನ್ನೊಂದಿದೆ.

ಎರಡೇ ಬಾಗಿಲು ಆರಿಸಿ. ನಾಲ್ಕಕ್ಕೂ ಕೈ ಹಾಕಿದರೆ ನಿಮ್ಮ ಮಾತು ನಿಮ್ಮನ್ನೇ ಕಡಿಯುತ್ತದೆ: ಮಾನದಂಡ ತಪ್ಪು ಎಂದವರೇ ಮರುಕ್ಷಣ ಆ ಮಾನದಂಡದ ಪ್ರಕಾರ ನಾವೇ ಸರಿ ಎಂದರೆ ಕೇಳುವವರು ನಗುತ್ತಾರೆ. ಎರಡೂ ಬೇಕೇಬೇಕಾದರೆ ‘ಈ ಅಳತೆ ಸರಿಯಲ್ಲ, ಸರಿ ಎಂದೇ ಇಟ್ಟುಕೊಂಡರೂ’ ಎಂಬ ಕೊಂಡಿ ಹಾಕಿ.

ವಿರೋಧದವರು ಎಷ್ಟು ಸಾಧಿಸಿದರೆ ಸಾಕು? ‘ವರಕ್ಕಿಂತ ಶಾಪವೇ ಹೆಚ್ಚು’ ಎಂಬುದನ್ನು ವಿರೋಧಿಸುವವರು ‘ಅಪ್ಪಟ ವರ’ ಎಂದು ಸಾಧಿಸಬೇಕಾಗಿಲ್ಲ. ಎರಡೂ ಸಮ ಸಮ ಎಂದು ತೋರಿಸಿದರೂ ಆ ವಾಕ್ಯ ಬಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಮೊಬೈಲನ್ನು ದೇವರ ಪಟದ ಪಕ್ಕ ಕೂರಿಸುವಂತೆ ಹೊಗಳಿ ಸೋಲುತ್ತಾರೆ. ಆದರೆ ಸ್ವಂತ ನಿಲುವೇ ಇಲ್ಲದೆ ಎದುರಿನವರದ್ದನ್ನು ಒಡೆಯುವುದಷ್ಟೇ ಕೆಲಸ ಮಾಡಿಕೊಳ್ಳಬೇಡಿ. ತರ್ಕ ಹೇಳಿಕೊಟ್ಟ ನಮ್ಮ ಪ್ರಾಚೀನ ನ್ಯಾಯಶಾಸ್ತ್ರದವರು ವಿತಂಡ ಎಂದು ಹೆಸರಿಟ್ಟದ್ದು ಅದಕ್ಕೇ. ಒಂದು ವಾಕ್ಯದಷ್ಟಾದರೂ ಸ್ವಂತ ಅಳತೆ ನೆಲಕ್ಕೆ ಊರಿಟ್ಟು ಆಮೇಲೆ ಒಡೆಯಿರಿ.

ತೂಕ ಹಾಕುವ ಬಗೆ

ಎರಡು ಮೌಲ್ಯ ಎದುರಾದಾಗ ‘ಇದೇ ಮುಖ್ಯ’ ಎಂದು ಮೇಜು ಕುಟ್ಟಿದರೆ ಪ್ರಯೋಜನವಿಲ್ಲ. ಎಷ್ಟು ಜನಕ್ಕೆ ತಟ್ಟುತ್ತದೆ, ಎಷ್ಟು ಆಳವಾಗಿ, ಎಷ್ಟು ಕಾಲ, ತಿದ್ದಿಕೊಳ್ಳಲು ಆಗುತ್ತದೆಯೇ, ತಟ್ಟಿಸಿಕೊಂಡವರು ತಾವಾಗಿ ಒಪ್ಪಿದ್ದರೇ ಎಂದು ನೋಡಿ. ಸಕಲೇಶಪುರ, ಆಲೂರು ಕಡೆಯ ಆನೆ ಹಾವಳಿಯ ವಿಷಯ ಬಂದರೆ ಇದು ಬೇಕೇ ಬೇಕು. ‘ಆನೆಗೂ ಬದುಕುವ ಹಕ್ಕಿದೆ’ ಎಂಬುದು ಒಂದು ಕಡೆ, ತೋಟಕ್ಕೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರುತ್ತಾರೋ ಇಲ್ಲವೋ ಎಂಬುದು ಇನ್ನೊಂದು ಕಡೆ. ಜನಸಂಖ್ಯೆಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಆಳ ಮತ್ತು ಒಪ್ಪಿಗೆಯ ಲೆಕ್ಕ ಗೆಲ್ಲಿಸುತ್ತದೆ. ಕೂಲಿಗೆ ಹೋಗುವವರು ಆನೆಯ ಜೊತೆ ಬದುಕುವ ಅಪಾಯವನ್ನು ತಾವಾಗಿ ಆರಿಸಿಕೊಂಡದ್ದಲ್ಲ ಎಂಬ ಒಂದು ವಾಕ್ಯ ಹತ್ತು ಅಂಕಿಗಳಿಗಿಂತ ಭಾರ. ಆನೆಯ ಪರ ನಿಂತವರೂ ಅದೇ ಒಪ್ಪಿಗೆಯ ಅಳತೆ ಹಿಡಿಯಬಹುದು: ತನ್ನ ದಾರಿ ತುಂಡಾಗುವುದಕ್ಕೆ ಆನೆಯನ್ನೂ ಯಾರೂ ಕೇಳಲಿಲ್ಲ.

‘ಅದೆಲ್ಲ ಅವರವರ ಭಾವಕ್ಕೆ’ ಎಂದರೆ

ವಾದ ಸೋಲುವ ಹೊತ್ತಿಗೆ ಎದುರಾಳಿ ಈ ಮಾತು ಎಸೆಯುತ್ತಾರೆ: ಒಳ್ಳೆಯದು ಕೆಟ್ಟದ್ದು ಅವರವರ ಅಭಿರುಚಿ, ಚರ್ಚಿಸಿ ಫಲವೇನು? ಕಾಫಿ ಸೀಮೆಯಲ್ಲಿ ಇದಕ್ಕೆ ಉತ್ತರ ಕಪ್ಪಿನಲ್ಲೇ ಇದೆ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್ ಇಷ್ಟವೋ, ಅಪ್ಪಟ ಅರೇಬಿಕಾ ಇಷ್ಟವೋ ಎಂಬುದು ಅವರವರ ನಾಲಿಗೆ. ಆದರೆ ಬೀಜಕ್ಕೆ ಬೂಷ್ಟು ಹಿಡಿದಿದೆಯೋ, ಹುದುಗು ಹೆಚ್ಚಾಗಿ ಕೆಟ್ಟಿದೆಯೋ ಎಂಬುದು ನಾಲಿಗೆಯ ಇಷ್ಟವಲ್ಲ. ಕಾಫಿ ರುಚಿ ನೋಡುವ ಪರಿಣತರು ಪರಿಮಳ, ಹುಳಿ, ಮೈಕಟ್ಟು (ಬಾಯಿಗೆ ಸಿಗುವ ಗಟ್ಟಿತನ), ಬಾಯಲ್ಲಿ ಉಳಿಯುವ ರುಚಿ ಎಂದು ಬೇರೆ ಬೇರೆ ಅಂಶಗಳಿಗೆ ಅಂಕ ಕೊಟ್ಟು ನೂರಕ್ಕೆ ಲೆಕ್ಕ ಹಾಕುತ್ತಾರೆ. 80 ಅಥವಾ ಅದಕ್ಕಿಂತ ಹೆಚ್ಚು ಅಂಕದ ಕಾಫಿಯನ್ನು ಸ್ಪೆಷಾಲಿಟಿ ದರ್ಜೆ ಎನ್ನುವುದು ರೂಢಿ. ಇಬ್ಬರು ಪರಿಣತರ ಅಂಕ ಬೇರೆಯಾದರೆ ‘ನಿನಗೆ ನಿನ್ನದು’ ಎಂದು ಎದ್ದುಹೋಗುವುದಿಲ್ಲ, ಯಾವ ಅಂಶದಲ್ಲಿ ವ್ಯತ್ಯಾಸ ಬಂತು ಎಂದು ಕೇಳುತ್ತಾರೆ. ಕಾರಣ ಕೇಳಬಹುದಾದದ್ದು ತೀರ್ಮಾನ, ಕೇಳಲಾಗದ್ದು ಅಭಿರುಚಿ. ‘ನನ್ನ ಮಿತ್ರರು ಇಷ್ಟು ಹೊತ್ತೂ ಕಾರಣ ಕೊಟ್ಟರು, ಅಂದರೆ ಇದು ಅಭಿರುಚಿಯಲ್ಲ ಎಂದು ಅವರೇ ಒಪ್ಪಿದ್ದಾರೆ’ ಎಂದು ಮುಗಿಸಿ.

ಐದು ನಿಮಿಷದ ಹಂಚಿಕೆ

ಸ್ಪಷ್ಟವಾಗಿ ಮಾತಾಡಿದರೆ ನಿಮಿಷಕ್ಕೆ ಕನ್ನಡದಲ್ಲಿ ಸುಮಾರು 90ರಿಂದ 100 ಪದ. ಐದು ನಿಮಿಷಕ್ಕೆ 450 ಪದ ಬರೆದುಕೊಳ್ಳಿ. 600 ಬರೆದವರು ಗಂಟೆ ಹೊಡೆದ ಮೇಲೆ ತಮ್ಮ ಒಳ್ಳೆಯ ಮಾತನ್ನು ನುಂಗಿಕೊಂಡು ಇಳಿಯುತ್ತಾರೆ. ವಂದನೆಗೆ 10 ಸೆಕೆಂಡ್ ಸಾಕು. ವೇದಿಕೆಯ ಮೇಲಿನ ಎಲ್ಲರ ಹೆಸರು, ಒಂದು ಕಗ್ಗ, ಒಂದು ವಚನ ಹೇಳುವಷ್ಟರಲ್ಲಿ ಮುಕ್ಕಾಲು ನಿಮಿಷ ಹೋಗಿರುತ್ತದೆ. ವಿಷಯದ ಖಾಲಿ ಜಾಗ ತುಂಬಲು 40 ಸೆಕೆಂಡ್, ಮಾನದಂಡ ಮತ್ತು ಸಮರ್ಥನೆಗೆ ಒಂದು ನಿಮಿಷ, ಎರಡು ಸಂಗತಿಗಳನ್ನು ಗಂಟು ಹಾಕಲು ಎರಡು ನಿಮಿಷ, ಎದುರಾಳಿಯ ಬಲವಾದ ಒಂದು ಮಾತಿಗೆ ಉತ್ತರಿಸಲು 50 ಸೆಕೆಂಡ್. ಉಳಿದ 20 ಸೆಕೆಂಡಿನಲ್ಲಿ ಮಾನದಂಡವನ್ನು ಮತ್ತೊಮ್ಮೆ ಅದೇ ಮಾತುಗಳಲ್ಲಿ ಹೇಳಿ. ಪದ ಬದಲಿಸಿದರೆ ಅಳತೆ ಬದಲಿಸಿದಿರಿ ಎಂಬ ಅನುಮಾನ ಬರುತ್ತದೆ.

ಎದುರಾಳಿಗೆ ಉತ್ತರ ಕೊಡುವ ಖಂಡನೆಯ ಸುತ್ತಿಗಾಗಿ ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ ಎದುರಾಳಿಯ ಮಾತು, ಬಲಗಡೆ ನಿಮ್ಮ ಉತ್ತರ. ಅವರ ಸಂಗತಿಗಳನ್ನೆಲ್ಲ ಬರೆದುಕೊಳ್ಳಲು ಹೋಗಬೇಡಿ, ಅವರ ಅಳತೆ ಯಾವುದು ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಅವರು ಅಳತೆಯನ್ನೇ ಹೇಳದಿದ್ದರೆ ಆ ಜಾಗ ಖಾಲಿ ಬಿಡಿ. ಎದ್ದು ನಿಂತಾಗ ಮೊದಲ ಮಾತು ಅದೇ ಆಗಲಿ: ‘ಮಾನ್ಯ ತೀರ್ಪುಗಾರರೇ, ನನ್ನ ಮಿತ್ರರು ಆರು ನಷ್ಟ ಹೇಳಿದರು. ಎಷ್ಟು ನಷ್ಟವಾದರೆ ಶಾಪ ಎನ್ನಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ನಾನು ಹೇಳುತ್ತೇನೆ.’

ಅಭ್ಯಾಸಕ್ಕೆ ಇಬ್ಬರಿದ್ದರೆ ಸಾಕು. ಒಂದೇ ವಿಷಯಕ್ಕೆ ಒಬ್ಬರು ಪರ, ಒಬ್ಬರು ವಿರೋಧ ಮಾತಾಡಿ, ಹತ್ತು ನಿಮಿಷ ಬಿಟ್ಟು ಪಕ್ಷ ಬದಲಿಸಿ. ಎರಡನೆಯ ಸಲ ಎದುರಾಳಿ ಬಳಸಿದ ಮಾನದಂಡವನ್ನೇ ಬಳಸಿ ಮಾತಾಡಬೇಕು ಎಂಬ ನಿಯಮ ಇರಲಿ. ಆರಂಭಕ್ಕೆ ಮೊಬೈಲಿನಂಥ ಸವೆದ ವಿಷಯ ಬೇಡ. ಮುಳ್ಳಯ್ಯನಗಿರಿಗೆ ವಾಹನಗಳ ಸಂಖ್ಯೆಗೆ ಮಿತಿ ಹಾಕುವುದು ನ್ಯಾಯವೇ ಎಂಬುದನ್ನು ಎತ್ತಿಕೊಳ್ಳಿ: ಬೆಟ್ಟ ಯಾರದು, ಹೊರಗಿನಿಂದ ಬರುವವರದೋ, ಜೀಪು ಓಡಿಸುವವರದೋ, ಕೆಳಗಿನ ತೋಟದವರದೋ ಎಂಬಲ್ಲಿಗೇ ‘ಯಾರಿಗೆ’ ಎಂಬ ಮೊದಲ ಖಾಲಿ ಜಾಗ ತುಂಬಲು ಒಂದು ಸಂಜೆ ಬೇಕಾಗುತ್ತದೆ.